ಹಂಚಿಕೆ ಆಟಕ್ಕೆ ಓಟ್ರೀ: ಲೆಕ್ಕ ಅದು ನೋಡಿಕೊಳ್ಳುತ್ತದೆ, ಗುಟ್ಟು ನಾವೇ ಕಾಯಬೇಕು

ಒಬ್ಬರ ಕೈಗೆ 200 ರೂಪಾಯಿ ಕೊಟ್ಟು, ಮುಖ ಕಾಣದ ಇನ್ನೊಬ್ಬರಿಗೆ ಅದರಲ್ಲಿ ಎಷ್ಟು ಬಿಡುತ್ತೀರಿ ಎಂದು ಕೇಳುವುದು ಪ್ರಾಯೋಗಿಕ ಅರ್ಥಶಾಸ್ತ್ರದ ಬಹಳ ಸರಳವಾದ ಆಟ. ಕೇಳಲು ಸರಳ, ಸರಿಯಾಗಿ ನಡೆಸುವುದು ತಲೆನೋವು. ಇಂಥ ಆಟಗಳನ್ನು ಫೋನ್ ಅಥವಾ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲೇ ನಡೆಸಲು ಡೇನಿಯಲ್ ಚೆನ್, ಮಾರ್ಟಿನ್ ಶೋಂಗರ್, ಕ್ರಿಸ್ ವಿಕೆನ್ಸ್ ಕಟ್ಟಿದ ಸಾಫ್ಟ್‌ವೇರ್ ಓಟ್ರೀ. ಅದರ ಬಗೆಗಿನ ಪ್ರಬಂಧ 2016ರಲ್ಲಿ ಬಂತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೇಲೆ ನಡೆಯುತ್ತದೆ, ಕಾಸು ಕೊಡಬೇಕಿಲ್ಲ. ಸಂಶೋಧನೆಗೆ ಬಳಸಿದರೆ ಆ ಪ್ರಬಂಧವನ್ನು ಉಲ್ಲೇಖಿಸಬೇಕು ಅಷ್ಟೆ.

ಈ ವಿಮರ್ಶೆ ಮುಂಬೈಯಲ್ಲಿ ಕನ್ನಡ ಬಲ್ಲವರನ್ನು ಕೂರಿಸಿಕೊಂಡು ಆಟ ನಡೆಸುವವರಿಗೆ: ಕಾಲೇಜಿನ ಅರ್ಥಶಾಸ್ತ್ರ ಮೇಷ್ಟ್ರು, ಸಂಶೋಧನಾ ವಿದ್ಯಾರ್ಥಿಗಳು, ಮಾಟುಂಗ, ಗೋರೆಗಾಂವ್, ಡೊಂಬಿವಲಿ ಕಡೆಯ ಸಂಘಗಳ ಸಭಾಂಗಣದಲ್ಲಿ ಇಪ್ಪತ್ತು–ಮೂವತ್ತು ಜನರ ಮೇಲೆ ಪ್ರಯೋಗ ಮಾಡಬೇಕೆಂದು ಹೊರಟವರು. ತೀರ್ಪು ಮೊದಲೇ ಹೇಳಿಬಿಡೋಣ. ಜೋಡಿ ಮಾಡುವುದು, ಹಣದ ಲೆಕ್ಕ, ದಾಖಲೆ, ಈ ಮೂರಕ್ಕೆ ಓಟ್ರೀಗೆ ಪೂರ್ತಿ ಅಂಕ. ಆದರೆ ಹಂಚಿಕೆ ಆಟದ ಫಲಿತಾಂಶ ನಿಂತಿರುವುದು ‘ನಾನು ಎಷ್ಟು ಕೊಟ್ಟೆ ಅಂತ ಯಾರಿಗೂ ಗೊತ್ತಾಗುವುದಿಲ್ಲ’, ‘ಈ ದುಡ್ಡು ನಿಜವಾಗಿಯೂ ಕೈಗೆ ಬರುತ್ತದೆ’ ಎಂಬ ಎರಡು ನಂಬಿಕೆಗಳ ಮೇಲೆ. ಅವೆರಡನ್ನೂ ಯಾವ ಸಾಫ್ಟ್‌ವೇರೂ ಕೊಡುವುದಿಲ್ಲ. ಓಟ್ರೀಯನ್ನು ಇದ್ದ ಹಾಗೇ ಓಡಿಸಿದರೆ ಕೆಲವು ಕಡೆ ಅದೇ ಆ ನಂಬಿಕೆ ಕೆಡಿಸುತ್ತದೆ.

ಸೆಟಪ್ ಸರಿಯಿದೆಯೇ ಎಂದು ತಿಳಿಯಲು ಹಳೆಯ ಅಂಕಿಗಳು ತಲೆಯಲ್ಲಿರಬೇಕು. ವರ್ನರ್ ಗ್ಯೂಟ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಅಲ್ಟಿಮೇಟಮ್ ಆಟದಲ್ಲಿ ಮೊದಲನೆಯವರು ಪಾಲು ಸೂಚಿಸುತ್ತಾರೆ, ಎರಡನೆಯವರು ಒಪ್ಪದಿದ್ದರೆ ಇಬ್ಬರಿಗೂ ಸೊನ್ನೆ. ಆಮೇಲೆ ನಡೆದ ನೂರಾರು ಪ್ರಯೋಗಗಳಲ್ಲಿ ಸೂಚನೆ ಸರಾಸರಿ ಶೇ. 40ರ ಆಸುಪಾಸು, ಶೇ. 20ಕ್ಕಿಂತ ಕಡಿಮೆ ಸೂಚಿಸಿದರೆ ಸುಮಾರು ಅರ್ಧದಷ್ಟು ಸಲ ತಿರಸ್ಕಾರ. ಎರಡನೆಯವರ ಈ ಹಕ್ಕನ್ನು ಕಿತ್ತುಕೊಂಡರೆ ಉಳಿಯುವುದೇ ಡಿಕ್ಟೇಟರ್ ಆಟ. ಕ್ರಿಸ್ಟೋಫ್ ಎಂಗೆಲ್ 2011ರಲ್ಲಿ ಅಲ್ಲಿಯವರೆಗಿನ ಡಿಕ್ಟೇಟರ್ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಕೊಟ್ಟದ್ದು ಸರಾಸರಿ ಶೇ. 28, ಏನೂ ಕೊಡದವರು ಶೇ. 36, ಸರಿಯಾಗಿ ಅರ್ಧ ಕೊಟ್ಟವರು ಶೇ. 17ರಷ್ಟು. ನಿಮ್ಮ ಸಭಾಂಗಣದಲ್ಲಿ ಹತ್ತರಲ್ಲಿ ಒಂಬತ್ತು ಜನ ಅರ್ಧರ್ಧ ಹಂಚಿದರು ಎಂದರೆ ಕನ್ನಡಿಗರು ಧಾರಾಳಿಗಳು ಎಂದು ಪತ್ರಿಕೆಗೆ ಬರೆಯುವ ಮೊದಲು, ಯಾರು ಯಾರನ್ನು ನೋಡುತ್ತಿದ್ದರು ಎಂದು ವಿಚಾರಿಸಿ.

ಇನ್‌ಸ್ಟಾಲ್ ಮಾಡುವುದು ಹತ್ತು ನಿಮಿಷದ ಕೆಲಸ. ಪೈಥಾನ್ ಹಾಕಿ, ಅದರ ಜೊತೆ ಬರುವ ಪಿಪ್ ಎಂಬ ಇಳಿಸುವ ಸಾಧನದ ಮೂಲಕ ಓಟ್ರೀ ಇಳಿಸಿ, ಪ್ರಾಜೆಕ್ಟ್ ಶುರು ಮಾಡುವಾಗ ಮಾದರಿ ಆಟಗಳು ಬೇಕೇ ಎಂದು ಕೇಳಿದರೆ ‘ಹೌದು’ ಅನ್ನಿ. ಡಿಕ್ಟೇಟರ್, ಟ್ರಸ್ಟ್ (ನಂಬಿ ಕೊಟ್ಟ ಹಣ ಎಷ್ಟು ಮರಳುತ್ತದೆ ಎಂದು ನೋಡುವುದು), ಪಬ್ಲಿಕ್ ಗೂಡ್ಸ್ (ಎಲ್ಲರೂ ಒಂದು ನಿಧಿಗೆ ಹಾಕಿ ಲಾಭ ಹಂಚಿಕೊಳ್ಳುವುದು) ಆಟಗಳು ಸಿದ್ಧವಾಗಿ ಬರುತ್ತವೆ. ಅಲ್ಟಿಮೇಟಮ್ ಬೇಕಿದ್ದರೆ ಡಿಕ್ಟೇಟರ್‌ಗೆ ಒಪ್ಪಿಗೆ ಕೇಳುವ ಇನ್ನೊಂದು ಪುಟ ಸೇರಿಸಿದರೆ ಆಯಿತು. ಸೆಟ್ಟಿಂಗ್ಸ್ ಫೈಲ್‌ನಲ್ಲಿ ಕರೆನ್ಸಿ ಡಾಲರ್ ಎಂದಿರುತ್ತದೆ, ಅದನ್ನು ಐಎನ್‌ಆರ್ ಮಾಡಿ. ಪಾಯಿಂಟ್ಸ್ ಬಳಕೆಯನ್ನು ಆಫ್ ಮಾಡಿ ನೇರ ರೂಪಾಯಿಯಲ್ಲೇ ತೋರಿಸಿ. ‘100 ಪಾಯಿಂಟ್ಸ್’ ಎಂದು ಕಂಡರೆ ಜನ ವಿಡಿಯೋ ಗೇಮ್ ಥರ ಆಡುತ್ತಾರೆ.

ಈಗ ಮಾದರಿ ಡಿಕ್ಟೇಟರ್ ಆಟದ ಆ ಒಂದೇ ಒಂದು ಪೆಟ್ಟಿಗೆಯನ್ನು ಹತ್ತಿರದಿಂದ ನೋಡೋಣ. ಅದು ಕೇಳುವುದು ‘ನಾನು ಎಷ್ಟು ಇಟ್ಟುಕೊಳ್ಳುತ್ತೇನೆ’ ಎಂದು. ನಿಯಮ ಓದಿ ಬಂದವರ ತಲೆಯಲ್ಲಿರುವುದು ‘ಎಷ್ಟು ಕೊಡಲಿ’ ಎಂಬ ಪ್ರಶ್ನೆ. 40 ಕೊಡಬೇಕೆಂದುಕೊಂಡವರು 40 ಎಂದು ತುಂಬಿ ಮುಂದೆ ಒತ್ತುತ್ತಾರೆ. ಇಟ್ಟುಕೊಂಡದ್ದು 40, ಕೊಟ್ಟದ್ದು 160 ಎಂದು ದಾಖಲಾಗುತ್ತದೆ. ಡೇಟಾದಲ್ಲಿ ಇವರು ಮಹಾದಾನಿಗಳಾಗಿ ಕಾಣುತ್ತಾರೆ. ಪರಿಹಾರ ಸುಲಭ. ಪೆಟ್ಟಿಗೆಯ ಕೆಳಗೆ ಎರಡು ಸಾಲಿನ ಸಣ್ಣ ಜಾವಾಸ್ಕ್ರಿಪ್ಟ್ ಹಾಕಿ, ಅಂಕಿ ಟೈಪ್ ಮಾಡುತ್ತಿದ್ದ ಹಾಗೇ ‘ನಿಮಗೆ 160 ರೂ., ಇನ್ನೊಬ್ಬರಿಗೆ 40 ರೂ.’ ಎಂದು ಎರಡೂ ಪಾಲು ಬದಲಾಗುತ್ತಾ ಕಾಣಲಿ. ಮುಂದಿನ ಪುಟದಲ್ಲಿ ಅದನ್ನೇ ಮತ್ತೊಮ್ಮೆ ತೋರಿಸಿ ‘ಇದೇ ಸರಿಯೇ?’ ಎಂದು ಕೇಳಿ. ಚಂದ ಕಾಣಲೆಂದು ಸ್ಲೈಡರ್ ಹಾಕಬೇಡಿ. ಸ್ಲೈಡರ್‌ಗೆ ಶುರುವಿನ ಒಂದು ಜಾಗ ಇರಲೇಬೇಕು. ನಡುವೆ ಇಟ್ಟರೆ ಅರ್ಧರ್ಧದ ಕಡೆಗೆ ಎಳೆಯುತ್ತದೆ, ತುದಿಯಲ್ಲಿಟ್ಟರೆ ಸೊನ್ನೆಯ ಕಡೆಗೆ. ಖಾಲಿ ಪೆಟ್ಟಿಗೆಗೆ ಆ ಕಾಟವಿಲ್ಲ.

ವಿವರಣೆಯಲ್ಲಿ ಕೊಡುವ ಉದಾಹರಣೆಗೂ ಇದೇ ಮಾತು. ಒಂದೇ ಉದಾಹರಣೆ ಕೊಟ್ಟರೆ ಜನ ಅದನ್ನೇ ಸರಿಯುತ್ತರ ಅಂದುಕೊಳ್ಳುತ್ತಾರೆ. ಮೂರು ಕೊಡಿ: ಎಲ್ಲ ಇಟ್ಟುಕೊಂಡದ್ದು, ಎಲ್ಲ ಕೊಟ್ಟದ್ದು, ನಡುವೆ 130–70ರಂಥ ಸೊಟ್ಟ ಅಂಕಿಯದೊಂದು. ದಾನ, ಸಹಾಯ, ಔದಾರ್ಯ ಮುಂತಾದ ಮಾತು ಪರದೆಯಲ್ಲಿ ಎಲ್ಲೂ ಬೇಡ. ‘ಮೊದಲನೆಯವರು’, ‘ಎರಡನೆಯವರು’ ಸಾಕು. ಆಟ ಶುರುವಾಗುವ ಮೊದಲು ‘ಮೊದಲನೆಯವರು 130 ಇಟ್ಟುಕೊಂಡರೆ ಎರಡನೆಯವರಿಗೆ ಎಷ್ಟು?’ ಎಂಬಂಥ ಎರಡು ಪ್ರಶ್ನೆ ಹಾಕಿ, ತಪ್ಪಾದರೆ ಮುಂದೆ ಹೋಗದ ಹಾಗೆ ಮಾಡಿ.

ಓಟ್ರೀಯ ಅತಿ ದೊಡ್ಡ ಗುಂಡಿ ಟೈಮರ್‌ನಲ್ಲಿದೆ. ಪುಟಕ್ಕೆ ಕಾಲಮಿತಿ ಇಟ್ಟಿದ್ದರೆ, ಸಮಯ ಮುಗಿದಾಗ ಪುಟ ತಾನೇ ಮುಂದೆ ಹೋಗುತ್ತದೆ. ಅಂಕಿಯ ಪೆಟ್ಟಿಗೆ ಖಾಲಿಯಿದ್ದರೆ ಅದರಲ್ಲಿ 0 ಬರೆದುಕೊಳ್ಳುತ್ತದೆ, ಹೌದು–ಇಲ್ಲ ಪ್ರಶ್ನೆಯಿದ್ದರೆ ‘ಇಲ್ಲ’. ಬೇರೆ ಸಮೀಕ್ಷೆಗಳಲ್ಲಿ ಇದು ನಡೆದೀತು. ಹಂಚಿಕೆ ಆಟದಲ್ಲಿ ಸೊನ್ನೆಯೇ ನಾವು ಅಳೆಯಲು ಹೊರಟ ಉತ್ತರ! ‘ಎಷ್ಟು ಕೊಡುತ್ತೀರಿ’ ಎಂಬ ಪೆಟ್ಟಿಗೆಯ ಮುಂದೆ ಫೋನ್ ಬಂತೆಂದು ಎದ್ದುಹೋದವರು ಜಿಪುಣರ ಲೆಕ್ಕಕ್ಕೆ ಸೇರುತ್ತಾರೆ, ‘ಇಟ್ಟುಕೊಳ್ಳುವ’ ಪೆಟ್ಟಿಗೆಯಾದರೆ ಸರ್ವಸ್ವ ಕೊಟ್ಟವರ ಲೆಕ್ಕಕ್ಕೆ. ಅಲ್ಟಿಮೇಟಮ್‌ನಲ್ಲಿ ಅದೇ ವ್ಯಕ್ತಿ ಅನ್ಯಾಯವನ್ನು ತಿರಸ್ಕರಿಸಿದ ಸ್ವಾಭಿಮಾನಿ. ಪ್ರಯೋಗ ನಡೆಸುವವರು ನೋಡುವ ಅಡ್ಮಿನ್ ಪುಟದಲ್ಲಿ ನಿಧಾನ ಇರುವವರನ್ನು ಮುಂದಕ್ಕೆ ತಳ್ಳುವ ಬಟನ್ ಇದೆ. ಅದನ್ನು ಒತ್ತಿದರೂ ಇದೇ ಆಗುತ್ತದೆ. ಊಟದ ಹೊತ್ತಾಯಿತೆಂದು ಸಹಾಯಕರು ಆ ಬಟನ್ ಒತ್ತಿಬಿಡುವುದೇ ಹೆಚ್ಚು. ನಿರ್ಧಾರದ ಪುಟಕ್ಕೆ ಟೈಮರ್ ಹಾಕಲೇಬೇಡಿ. ಹಾಕಲೇಬೇಕಿದ್ದರೆ ‘ಟೈಮ್‌ಔಟ್ ಆಯಿತೇ’ ಎಂಬುದನ್ನು ಬೇರೆ ಕಾಲಮ್‌ನಲ್ಲಿ ದಾಖಲಿಸಿ, ಅಂಥ ಸಾಲುಗಳನ್ನು ವಿಶ್ಲೇಷಣೆಯಿಂದ ಹೊರಗಿಡಿ. ಇದನ್ನು ಓಟ್ರೀಯವರು ದಾಖಲೆಯಲ್ಲಿ ಬರೆದಿದ್ದಾರೆ, ಮುಚ್ಚಿಟ್ಟಿಲ್ಲ. ಆದರೂ ಮಾದರಿ ಆಟದಲ್ಲೇ ಎಚ್ಚರಿಕೆ ಇದ್ದಿದ್ದರೆ ಚೆನ್ನಿತ್ತು.

ಜೋಡಿ ಮಾಡುವುದು ಅದರ ಗಟ್ಟಿತನ. ಇಬ್ಬರ ಗುಂಪಿನ ಆಟಕ್ಕೆ ಬೆಸ ಸಂಖ್ಯೆಯ ಸೆಷನ್ ಮಾಡಲು ಅದು ಬಿಡುವುದಿಲ್ಲ. 24 ಜನಕ್ಕೆ ಸೆಷನ್ ಮಾಡಿ 23 ಮಂದಿ ಬಂದರೆ ಬಾರದವರ ಜೋಡಿಯವರು ‘ಕಾಯಿರಿ’ ಪುಟದಲ್ಲೇ ಕೂತಿರುತ್ತಾರೆ. ಲೋಕಲ್ ಟ್ರೇನ್ ನಂಬಿ ಬರುವ ಜನರನ್ನು ಕರೆದಾಗ ಇದು ಆಗಿಯೇ ತೀರುತ್ತದೆ. ಆ್ಯಪ್‌ನ ಮೊದಲ ಪುಟವನ್ನು ಬಂದ ಕ್ರಮದಲ್ಲಿ ಜೋಡಿ ಮಾಡುವ ಕಾಯುವ ಪುಟವಾಗಿಸಿದರೆ ಅರ್ಧ ಸಮಸ್ಯೆ ಹೋಯಿತು. ಕೊನೆಯಲ್ಲಿ ಉಳಿದ ಒಬ್ಬರಿಗೆ ಭಾಗವಹಿಸಿದ್ದಕ್ಕೆಂದು ನಿಗದಿಯಾದ ಹಣ ಕೊಟ್ಟು ಕಳಿಸಿ. ಸಂಘದ ಕಾರ್ಯದರ್ಶಿಯನ್ನೋ ಚಹಾ ತರುವ ಹುಡುಗನನ್ನೋ ಕರೆದು ಕೂರಿಸಿ ಜೋಡಿ ತುಂಬಿಸಬೇಡಿ.

ಕನ್ನಡದ ವಿಷಯಕ್ಕೆ ಬಂದರೆ, ಪುಟದಲ್ಲಿ ಏನು ಬರೆದರೂ ಕಾಣುತ್ತದೆ, ಫೈಲನ್ನು ಯುಟಿಎಫ್-8 ಎಂಬ, ಎಲ್ಲ ಲಿಪಿಗೂ ಒಗ್ಗುವ ಅಕ್ಷರ ಸಂಕೇತದಲ್ಲಿ ಉಳಿಸಿದ್ದರೆ ಸಾಕು. ಇಂದಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಕನ್ನಡ ಫಾಂಟ್ ಇದ್ದೇ ಇರುತ್ತದೆ. ‘ನೆಕ್ಸ್ಟ್’ ಬಟನ್ ಮತ್ತು ಕಾಯುವ ಪುಟದ ಮಾತು ಇಂಗ್ಲಿಷಿನಲ್ಲಿ ಬರುತ್ತವೆ. ಬಟನ್‌ನ ಜಾಗದಲ್ಲಿ ‘ಮುಂದೆ’ ಎಂದು ಸ್ವಂತ ಎಚ್‌ಟಿಎಂಎಲ್ ಬಟನ್ ಬರೆಯಿರಿ. ಕಾಯುವ ಪುಟಕ್ಕೆ ಶೀರ್ಷಿಕೆ ಮತ್ತು ಒಡಲಿನ ಪಠ್ಯ ಕೊಡಲು ಜಾಗವಿದೆ. ನಿಜವಾದ ತೊಡಕು ಬೇರೆ. ಮುಂಬೈ ವಿಶ್ವವಿದ್ಯಾಲಯದ ಕಲಿನಾ ಕ್ಯಾಂಪಸ್‌ನ ಕನ್ನಡ ವಿಭಾಗದಂಥ ಕಡೆ ಲಿಪಿ ತೊಂದರೆಯಲ್ಲ. ಆದರೆ ಮುಂಬೈಯಲ್ಲೇ ಹುಟ್ಟಿ ಮರಾಠಿ, ಹಿಂದಿ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳಲ್ಲಿ ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತಾ ಕನ್ನಡ ಲಿಪಿ ಓದಲು ಬಾರದವರು ಬೇಕಾದಷ್ಟಿದ್ದಾರೆ. ಅರ್ಧ ಜನರಿಗೆ ಕನ್ನಡ ಪರದೆ, ಅರ್ಧ ಜನರಿಗೆ ಇಂಗ್ಲಿಷ್ ಪರದೆ ಕೊಟ್ಟರೆ ಎರಡು ಬೇರೆ ಪ್ರಯೋಗ ಮಾಡಿದ ಹಾಗೆ. ನಿಯಮವನ್ನು ಒಬ್ಬರೇ ಎಲ್ಲರ ಮುಂದೆ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುವುದು ಮೇಲು. ಎಲ್ಲರೂ ಒಂದೇ ನಿಯಮ ಕೇಳಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ, ಲ್ಯಾಬ್‌ಗಳಲ್ಲೂ ಹಾಗೇ ಮಾಡುತ್ತಾರೆ. ಪರದೆಯಲ್ಲಿ ಅಂಕಿ ಮತ್ತು ಒಂದೆರಡು ಪದ ಮಾತ್ರ ಉಳಿಸಿ, ಅವನ್ನು ಕನ್ನಡ ಲಿಪಿಯಲ್ಲೂ ದೇವನಾಗರಿಯಲ್ಲೂ ಒಂದರ ಕೆಳಗೊಂದು ಹಾಕಿ.

ಜಾಲದ ಬಗ್ಗೆ ಎರಡು ಮಾತು. ಒಂದೇ ಕೋಣೆಯಲ್ಲಿ ನಡೆಸುವುದಾದರೆ ಇಂಟರ್ನೆಟ್ ಬೇಕಿಲ್ಲ, ಸರ್ವರ್ ಬಾಡಿಗೆಯೂ ಬೇಕಿಲ್ಲ, ಲ್ಯಾಪ್‌ಟಾಪೇ ಸರ್ವರ್. ವಿಂಡೋಸ್ ಹಾಟ್‌ಸ್ಪಾಟ್‌ಗೆ 8 ಫೋನ್ ಮೀರಿ ಸೇರುವುದಿಲ್ಲ, ಹಾಗಾಗಿ ಮನೆಯ ಮಾಮೂಲು ವೈಫೈ ರೌಟರ್ ತೆಗೆದುಕೊಂಡು ಹೋಗಿ. ವಿಂಡೋಸ್ ಫೈರ್‌ವಾಲ್‌ನಲ್ಲಿ ಪೈಥಾನ್‌ಗೆ ಅನುಮತಿ ಕೊಡದಿದ್ದರೆ ಒಂದು ಫೋನಿನಲ್ಲೂ ಪುಟ ತೆರೆಯುವುದಿಲ್ಲ. ‘ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ’ ಎಂದು ಫೋನ್ ತಾನಾಗಿ ಮೊಬೈಲ್ ಡೇಟಾಗೆ ಜಾರುತ್ತದೆ, ಆಟ ಅಲ್ಲೇ ನಿಲ್ಲುತ್ತದೆ; ಮೊದಲೇ ಎಲ್ಲರಿಂದ ಮೊಬೈಲ್ ಡೇಟಾ ಆಫ್ ಮಾಡಿಸಿ.

ಇನ್ನು ಗುಟ್ಟು. ಡೆವಲಪರ್ ಮೋಡ್‌ನಲ್ಲೇ ಓಡಿಸಿದರೆ ಪ್ರತಿ ಪುಟದ ಅಡಿಯಲ್ಲಿ ಡೀಬಗ್ ಮಾಹಿತಿ ಕಾಣುತ್ತದೆ: ಗುಂಪು, ಆಟಗಾರರ ಸಂಖ್ಯೆ ಎಲ್ಲ. ಅದನ್ನು ಕಂಡವರು ‘ಇವರು ನಮ್ಮನ್ನು ನೋಡುತ್ತಿದ್ದಾರೆ’ ಎಂದುಕೊಂಡರೆ ತಪ್ಪೇನಿಲ್ಲ. ಪ್ರೊಡಕ್ಷನ್ ಮೋಡ್ ಆನ್ ಮಾಡಿ. ಜೊತೆಗೆ ಅಡ್ಮಿನ್ ಪಾಸ್‌ವರ್ಡ್ ಇಟ್ಟು, ಪ್ರವೇಶದ ಮಟ್ಟವನ್ನು ‘ಸ್ಟಡಿ’ಗೆ ಬದಲಿಸಿ. ಇಲ್ಲದಿದ್ದರೆ ವಿಳಾಸದ ಕೊನೆಯ ಭಾಗ ಅಳಿಸಿ ನೋಡುವ ಚುರುಕು ಹುಡುಗ ಸೀದಾ ಅಡ್ಮಿನ್ ಪುಟಕ್ಕೆ ಬಂದು ಇಳಿಯುತ್ತಾನೆ, ಯಾರು ಎಷ್ಟು ಕೊಟ್ಟರೆಂಬ ಪಟ್ಟಿ ಅವನ ಮುಂದೆ. ಆಟಗಾರರನ್ನು ಗುರುತಿಸುವ ಲೇಬಲ್‌ಗೆ ಹೆಸರು, ಮೊಬೈಲ್ ನಂಬರ್ ಬೇಡವೇ ಬೇಡ. ಚೀಲದಿಂದ ಅವರೇ ಎತ್ತಿಕೊಂಡ ಚೀಟಿಯ ಸಂಖ್ಯೆ ಸಾಕು.

ಗುಟ್ಟಿಗೆ ಇಷ್ಟು ಒದ್ದಾಡಬೇಕೇ ಎನ್ನುವವರು 1994ರ ಹಾಫ್‌ಮನ್, ಮಕೇಬ್, ಶಾಕಟ್, ಸ್ಮಿತ್ ಪ್ರಯೋಗ ನೋಡಲಿ. ಪ್ರಯೋಗ ನಡೆಸುವವರಿಗೂ ಯಾರು ಎಷ್ಟು ಕೊಟ್ಟರೆಂದು ತಿಳಿಯದ ಹಾಗೆ ಮಾಡಿದಾಗ ಸುಮಾರು ಮೂರರಲ್ಲಿ ಎರಡು ಪಾಲು ಜನ ಏನೂ ಕೊಡಲಿಲ್ಲ. ಅವರು ಬಳಸಿದ್ದು ಕಾಗದದ ಲಕೋಟೆ. 12 ಲಕೋಟೆಗಳ ಒಂದೊಂದರಲ್ಲೂ ಒಂದು ಡಾಲರಿನ 10 ನೋಟು ಮತ್ತು 10 ಖಾಲಿ ಕಾಗದ. ಇನ್ನೆರಡರಲ್ಲಿ ಬರೀ 20 ಖಾಲಿ ಕಾಗದ. ಆಡುವವರು ಯಾವುದಾದರೂ ಹತ್ತು ಹಾಳೆ ತೆಗೆದುಕೊಂಡು ಹತ್ತು ಬಿಟ್ಟು ಲಕೋಟೆ ಅಂಟಿಸುತ್ತಿದ್ದರು, ದಪ್ಪ ನೋಡಿ ಊಹಿಸುವ ಹಾಗಿರಲಿಲ್ಲ. ಖಾಲಿ ಲಕೋಟೆ ಬಂದರೂ ಅದು ಜಿಪುಣತನದ್ದೋ ಮೊದಲೇ ಹಾಗೆ ಇಟ್ಟದ್ದೋ ಗೊತ್ತಾಗುತ್ತಿರಲಿಲ್ಲ.

ಓಟ್ರೀಯಲ್ಲಿ ಈ ಮಟ್ಟದ ಗುಟ್ಟು ಬರುವುದಿಲ್ಲ, ಏಕೆಂದರೆ ಅಡ್ಮಿನ್ ಪುಟದ ‘ಪೇಮೆಂಟ್ಸ್’ ಟ್ಯಾಬ್‌ನಲ್ಲಿ ಪ್ರತಿ ಲೇಬಲ್‌ಗೆ ಎಷ್ಟು ಕೊಡಬೇಕೆಂದು ಕಾಣುತ್ತದೆ. ಒಬ್ಬರು ಆ ಪಟ್ಟಿ ನೋಡಿ ಲೇಬಲ್ ಬರೆದ ಲಕೋಟೆಗಳಿಗೆ ಹಣ ತುಂಬಲಿ, ಆಟಗಾರರ ಮುಖವನ್ನೇ ನೋಡದ ಅವರು ಇನ್ನೊಂದು ಕೋಣೆಯಲ್ಲಿರಲಿ. ಹಂಚುವವರು ಚೀಟಿ ನೋಡಿ ಲಕೋಟೆ ಮಾತ್ರ ಕೊಡಲಿ. ಹೀಗೇ ನಡೆಯುತ್ತದೆಂದು ಆಟದ ಮೊದಲೇ ಎಲ್ಲರಿಗೂ ಹೇಳಬೇಕು, ಆಮೇಲೆ ಹೇಳಿ ಪ್ರಯೋಜನವಿಲ್ಲ. ಯುಪಿಐ ಬೇಡ. ಹಣ ಹಾಕುವಾಗ ಪಡೆಯುವವರ ಬ್ಯಾಂಕ್ ಖಾತೆಯಲ್ಲಿರುವ ಹೆಸರು ಪರದೆಯಲ್ಲಿ ಬರುತ್ತದೆ. ‘ನಿಮ್ಮ ಹೆಸರು ಯಾರಿಗೂ ತಿಳಿಯುವುದಿಲ್ಲ’ ಎಂದ ಐದೇ ನಿಮಿಷಕ್ಕೆ ಕ್ಯೂಆರ್ ಕೋಡ್ ತೋರಿಸಿ ಎಂದರೆ ಯಾರು ನಂಬುತ್ತಾರೆ? ಮುಂಬೈಯ ಕನ್ನಡ ಸಭೆಗಳಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಕಾಯುವ ಹೊತ್ತಿನಲ್ಲೇ ‘ನಿಮ್ದು ಯಾವೂರು?’ ಎಂಬ ಮಾತು ಹೊರಟು, ಎರಡನೇ ಪ್ರಶ್ನೆಗೇ ಬೀಗರ ಬೀಗರು ಎಂದಾಗಿರುತ್ತದೆ. ಬಂದವರನ್ನು ಒಟ್ಟಿಗೆ ಕಾಯಿಸಬೇಡಿ. ಸಾಧ್ಯವಾದರೆ ಮೊದಲನೆಯವರು ಒಂದು ಕೋಣೆ, ಎರಡನೆಯವರು ಇನ್ನೊಂದು. ಹೋಟೆಲ್ ಮಾಲೀಕರೂ ಅವರದೇ ಕೆಲಸಗಾರರೂ ಒಂದೇ ಸೆಷನ್‌ನಲ್ಲಿ ಇರಲೇಕೂಡದು.

ಹಣದ ಏರ್ಪಾಡು ಹೀಗಿರಲಿ. 12 ಜೋಡಿಗೆ ತಲಾ 200 ರೂ. ಎಂದರೆ 2,400, 24 ಜನಕ್ಕೆ ಭಾಗವಹಿಸಿದ್ದಕ್ಕೆ 100ರಂತೆ ಇನ್ನೊಂದು 2,400. ಹಂಚುವ ಮೊತ್ತ ಹತ್ತರ ನೋಟಿನಲ್ಲೇ ಇರಬೇಕು: 240 ನೋಟು, ಅಂದರೆ ಬ್ಯಾಂಕಿನಿಂದ ಮೂರು ಕಟ್ಟು. ಹತ್ತರ ಕಟ್ಟು ಕೇಳಿದ ತಕ್ಷಣ ಸಿಗುವುದು ಕಡಿಮೆ, ಒಂದು ವಾರ ಮೊದಲೇ ಹೇಳಿಡಿ. ನಾಣ್ಯ ಬೇಡ, ಲಕೋಟೆಯಲ್ಲಿ ಸದ್ದು ಮಾಡಿ ಹೇಳಿಬಿಡುತ್ತದೆ. ಆಟದ ಹಂತವನ್ನೂ ಹತ್ತು ಹತ್ತು ರೂಪಾಯಿಗೆ ಕಟ್ಟಿಹಾಕಿ; 37 ರೂ. ಕೊಡುತ್ತೇನೆ ಎಂದವರಿಗೆ ಚಿಲ್ಲರೆ ಹುಡುಕುತ್ತಾ ಕೂತರೆ ಗುಟ್ಟು ಅಲ್ಲೇ ರಟ್ಟು.

ಮೊತ್ತ ಸಣ್ಣದಾದರೆ ನ್ಯಾಯದ ಮಾತು ಅಗ್ಗ ಎಂಬ ಆಕ್ಷೇಪ ಸರಿಯೇ. ಈಶಾನ್ಯ ಭಾರತದ ಹಳ್ಳಿಗಳಲ್ಲಿ ಸ್ಟೆಫನ್ ಆಂಡರ್ಸನ್ ಮತ್ತು ಸಂಗಡಿಗರು ಅಲ್ಟಿಮೇಟಮ್ ಆಟವನ್ನು 20, 200, 2,000, 20,000 ರೂ.ಗಳಲ್ಲಿ ಆಡಿಸಿ 2011ರಲ್ಲಿ ಪ್ರಕಟಿಸಿದರು. ಮೊತ್ತ ಬೆಳೆದಂತೆ ತಿರಸ್ಕಾರ ಕುಸಿದು, 20,000ದ ಮಟ್ಟದಲ್ಲಿ ಇಲ್ಲವೆನ್ನುವಷ್ಟಾಯಿತು. ಹಾಗೆಂದು 200ರ ಆಟ ವ್ಯರ್ಥವಲ್ಲ, ಅದರ ಫಲಿತಾಂಶವನ್ನು 20,000ಕ್ಕೆ ಎಳೆಯಬಾರದು ಅಷ್ಟೆ. ಹಣ ಪುಕ್ಕಟೆ ಬಂದದ್ದೋ ದುಡಿದದ್ದೋ ಎಂಬುದೂ ಎಣಿಕೆಗೆ ಬರುತ್ತದೆ. ಚೆರ್ರಿ, ಫ್ರೈಕ್‌ಬ್ಲೋಮ್, ಶೋಗ್ರೆನ್ 2002ರಲ್ಲಿ ಪರೀಕ್ಷೆ ಬರೆದು ಗಳಿಸಿದ ಹಣವನ್ನು ಪೂರ್ತಿ ಗುಟ್ಟಿನಲ್ಲಿ ಹಂಚಲು ಬಿಟ್ಟಾಗ ಶೇ. 95ರಷ್ಟು ಜನ ಒಂದು ಕಾಸೂ ಬಿಡಲಿಲ್ಲ. ಓಟ್ರೀಯಲ್ಲಿ ಆಟಕ್ಕೆ ಮೊದಲು ಹತ್ತು ಪ್ರಶ್ನೆಯ ಪುಟ ಸೇರಿಸಿ, ಸರಿಯುತ್ತರಕ್ಕೆ 20 ರೂ.ನಂತೆ ಮೊತ್ತ ಕಟ್ಟುವುದು ಅರ್ಧ ದಿನದ ಕೆಲಸ. ತರಗತಿಯಲ್ಲಿ ಎರಡೂ ಬಗೆಯನ್ನು ಅಕ್ಕಪಕ್ಕ ನಡೆಸಿದರೆ ಪಾಠ ತಾನೇ ಆಗುತ್ತದೆ.

ಬದಲಿಗೆ ಏನಿದೆ? ಜ್ಯೂರಿಚ್‌ನಲ್ಲಿ ಉರ್ಸ್ ಫಿಶ್‌ಬಾಕರ್ ಕಟ್ಟಿದ ಝಡ್-ಟ್ರೀ ಹಳೆಯ ಹುಲಿ. ವಿಂಡೋಸ್ ಕಂಪ್ಯೂಟರ್ ಲ್ಯಾಬ್ ಇದ್ದವರಿಗೆ ಈಗಲೂ ಗಟ್ಟಿ, ಆದರೆ ಸಭಾಂಗಣದಲ್ಲಿ ಅವರವರ ಫೋನ್ ನಂಬಿ ನಡೆಸುವವರಿಗೆ ಅದಲ್ಲ. ಒಂದೇ ಸುತ್ತಿನ ಡಿಕ್ಟೇಟರ್, ಹತ್ತು ಜೋಡಿಯ ಒಳಗೆ ಎಂದಾದರೆ ಓಟ್ರೀ ಕೂಡ ಬೇಡ; 1994ರ ಲಕೋಟೆ ವಿಧಾನವೇ ಅಗ್ಗ, ಗುಟ್ಟೂ ಹೆಚ್ಚು. ಪ್ರತಿ ಮೊತ್ತಕ್ಕೂ ಒಪ್ಪುತ್ತೀರಾ ಇಲ್ಲವಾ ಎಂದು 0ಯಿಂದ 200ರವರೆಗೆ ಹತ್ತರ ಹಂತದಲ್ಲಿ ಇಪ್ಪತ್ತೊಂದು ಸಾಲು ಕೇಳುವ ಅಲ್ಟಿಮೇಟಮ್, ನಾಲ್ವರ ಗುಂಪಿನಲ್ಲಿ ಹತ್ತು ಸುತ್ತಿನ ಪಬ್ಲಿಕ್ ಗೂಡ್ಸ್ ಇವಕ್ಕೆ ಕಾಗದ ಹಿಡಿದು ಕೂತರೆ ರಾತ್ರಿಯಾಗುತ್ತದೆ. ಅಲ್ಲಿ ಓಟ್ರೀ ಕೊಟ್ಟ ಕೂಲಿಗೆ ಮೋಸವಿಲ್ಲ, ಕೂಲಿ ಕೊಟ್ಟೇ ಇಲ್ಲ ಬಿಡಿ.

ಸೆಷನ್ ಮುಗಿದ ಕೂಡಲೇ, ಲಕೋಟೆ ಹಂಚುವ ಮೊದಲೇ, ಡೇಟಾವನ್ನು ಸಿಎಸ್‌ವಿ ಆಗಿ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿ. ಡೇಟಾಬೇಸ್ ರೀಸೆಟ್ ಮಾಡುವ ಆಜ್ಞೆ ಹಳೆಯದನ್ನೆಲ್ಲ ಒರೆಸುತ್ತದೆ, ಮರಳಿ ಬರುವುದಿಲ್ಲ. ಮುಂದಿನ ಸೆಷನ್‌ಗೆಂದು ಕೋಡ್‌ನಲ್ಲಿ ಒಂದು ಹೊಸ ಕಾಲಮ್ ಸೇರಿಸಿದರೆ ರೀಸೆಟ್ ಮಾಡಲೇಬೇಕಾಗುತ್ತದೆ. ಕನ್ನಡದಲ್ಲಿ ಬರೆದ ಉತ್ತರಗಳು ಎಕ್ಸೆಲ್‌ನಲ್ಲಿ ಅಡ್ಡಾದಿಡ್ಡಿ ಚಿಹ್ನೆಗಳಾಗಿ ಕಂಡರೆ ಗಾಬರಿ ಬೇಡ: ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡುವ ಬದಲು ಎಕ್ಸೆಲ್‌ನ ಡೇಟಾ ಮೆನುವಿನಿಂದ ಯುಟಿಎಫ್-8 ಆರಿಸಿ ಇಂಪೋರ್ಟ್ ಮಾಡಿ, ಅಕ್ಷರ ಸರಿಯಾಗಿ ಬರುತ್ತವೆ.